ಗೋಡೆ ಸಂದಿಯ ನೆಂಟರು

ಮನುಷ್ಯನಿಗೆ ಕಷ್ಟ ಬರುವ ದಾರಿಗಳು ಹಲವು. ಕನ್ನಡಕದಂಗಡಿಯವನಿಗೆ ಅದು ಬಂದದ್ದು ಬಾಯಿಂದ. ಅದೂ ನರ್ಸಮ್ಮನ ಮನೆಯ ಜಗಲಿಯಲ್ಲಿ, ಬೀದಿಯ ಸಂಘದ ಸಭೆ ಮುಗಿದು ಎಲ್ಲರೂ ಚಪ್ಪಲಿ ಹುಡುಕಿಕೊಳ್ಳುತ್ತಿದ್ದ ಹೊತ್ತಿನಲ್ಲಿ. ಇನ್ನೊಂದು ಗಳಿಗೆ ಸುಮ್ಮನಿದ್ದಿದ್ದರೆ ಅವನೂ ಚಪ್ಪಲಿ ಮೆಟ್ಟಿಕೊಂಡು ಮನೆ ಸೇರುತ್ತಿದ್ದ. ಸುಮ್ಮನಿರುವ ವಿದ್ಯೆ ಅವನಿಗೆ ಒಲಿದಿರಲಿಲ್ಲ.

ಕೆಲಸದಲ್ಲಿ ಅವನು ಗಟ್ಟಿಗನೇ. ಕಣ್ಣು ನೋಡಿ, ಗಾಜು ಉಜ್ಜಿ, ಚೌಕಟ್ಟಿಗೆ ಕೂರಿಸಿ, ಗಿರಾಕಿಯ ಮೂಗಿಗೂ ಕಿವಿಗೂ ಹೊಂದಿಸಿ ಕೊಟ್ಟನೆಂದರೆ ಮತ್ತೆ ಯಾರೂ ದೂರು ಹೇಳಿಕೊಂಡು ಬರುತ್ತಿರಲಿಲ್ಲ. ಅಂಗಡಿಯ ಮೆಟ್ಟಿಲು ಇಳಿದನೋ, ಗೊಂದಲ ಶುರು. ಒಮ್ಮೆ ತಪ್ಪು ಬಸ್ಸು ಹತ್ತಿ, ನಡುವೆ ಇಳಿದರೆ ಕಂಡಕ್ಟರಿಗೆ ಬೇಸರವಾದೀತೆಂದು ಕೊನೆಯ ಸ್ಟಾಪಿನವರೆಗೂ ಹೋಗಿ, ಅಲ್ಲಿ ಒಂದು ಬಾಳೆಹಣ್ಣು ತಿಂದು ವಾಪಸು ಬಂದಿದ್ದ. ಅಂಥವನು.

ಅವತ್ತಿನ ಸಭೆ ಕರೆದದ್ದು ಬೀದಿದೀಪದ ವಿಷಯಕ್ಕೆ. ಮಾತು ಅತ್ತ ಇತ್ತ ಹೊರಳಿ ಇರುವೆಯ ಮೇಲೆ ಬಂದು ನಿಂತಿತು. ಸೆಖೆ ಶುರುವಾದಾಗಿನಿಂದ ಇರುವೆಗಳು ಬೀದಿಯ ಯಾವ ಮನೆಯನ್ನೂ ಬಿಟ್ಟಿರಲಿಲ್ಲ. ಹಾಲಿನ ಪಾತ್ರೆ, ಹಾಸಿಗೆ, ಮಗುವಿನ ಕಾಲುಚೀಲ, ಕೊನೆಗೆ ನಿವೃತ್ತ ಸ್ಟೇಷನ್ ಮಾಸ್ತರರು ಲೋಟದಲ್ಲಿ ಬಿಚ್ಚಿಡುವ ಹಲ್ಲಿನ ಸೆಟ್ಟು, ಅವು ಹೊಕ್ಕು ನೋಡದ ಜಾಗವಿರಲಿಲ್ಲ. ಒಬ್ಬೊಬ್ಬರೂ ತಮ್ಮ ಮನೆಯ ಗೋಳು ಹೇಳಿಕೊಂಡರು. ಆಗ ನಮ್ಮ ಕನ್ನಡಕದಂಗಡಿಯವನು ಗಂಟಲು ಸರಿಮಾಡಿಕೊಂಡ.

"ಇರುವೆ ಸುಮ್ಸುಮ್ನೆ ಬರಲ್ಲ ಕಣ್ರೀ. ಅದು ಅಡುಗೆಮನೆ ನೋಡಿ ಬರುತ್ತೆ. ಮನೆ ಚೊಕ್ಕಟವಾಗಿದ್ರೆ ಅದಕ್ಕೇನು ಕೆಲಸ? ನಮ್ಮನೇಲಿ ದುರ್ಬೀನು ಹಾಕಿ ಹುಡುಕಿದ್ರೂ ಒಂದು ಸಿಗಲ್ಲ."

ಚಪ್ಪಲಿ ಹುಡುಕುತ್ತಿದ್ದ ಕಾಲುಗಳು ನಿಂತವು. ಸಂಘದ ಅಧ್ಯಕ್ಷೆಯಾದ ನರ್ಸಮ್ಮ, ಆಸ್ಪತ್ರೆಯಲ್ಲಿ ಮೂರು ತಲೆಮಾರಿಗೆ ಸೂಜಿ ಚುಚ್ಚಿ ನಿವೃತ್ತರಾದವರು, ನಿಧಾನವಾಗಿ ತಿರುಗಿದರು.

"ಅಂದ್ರೆ ನನ್ನ ಅಡುಗೆಮನೆ ಗಲೀಜು ಅಂತೀರಾ?"

"ಛೇ ಛೇ! ನಿಮ್ಮೊಬ್ಬರದೇ ಅಂತ ಯಾರು ಹೇಳಿದ್ರು?" ಅವನು ಸಮಾಧಾನ ಹೇಳಿದ. "ಎಲ್ಲರದೂ."

ಸಮಾಧಾನ ಹೇಳುವುದರಲ್ಲಿ ಅವನದು ಈ ಮಟ್ಟದ ನೈಪುಣ್ಯ.

ದಾರಿಯುದ್ದಕ್ಕೂ ಹೆಂಡತಿ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಆಕೆ ಮನೆಯಲ್ಲೇ ಹೊಲಿಗೆ ಮಷೀನು ಇಟ್ಟುಕೊಂಡು ಬೀದಿಯವರ ಬಟ್ಟೆ, ಪರದೆ, ದಿಂಬಿನ ಚೀಲ ಹೊಲಿದುಕೊಡುತ್ತಿದ್ದಳು. ಜಗಲಿಯಲ್ಲಿ ಕೂತಿದ್ದ ಹೆಂಗಸರೆಲ್ಲ ಅವಳ ಗಿರಾಕಿಗಳೇ. ಮನೆಯ ಬಾಗಿಲು ಹಾಕಿದ ಮೇಲೆ ಒಂದೇ ಮಾತು ಹೇಳಿದಳು: "ನಿಮ್ಮ ಬಾಯಿಗೆ ಎರಡು ಹೊಲಿಗೆ ಹಾಕೋದಕ್ಕೆ ನನ್ನ ಹತ್ರ ದಾರಕ್ಕೇನೂ ಬರ ಇಲ್ಲ."

ಹೊಲಿಗೆಗೆ ಕೊಟ್ಟಿದ್ದ ಬಟ್ಟೆಗಳು ಒಂದೊಂದಾಗಿ ವಾಪಸು ಹೋದವು. ಒಬ್ಬಳು ಅವಸರ ಇಲ್ಲ ಎಂದಳು, ಇನ್ನೊಬ್ಬಳು ನಾದಿನಿ ಹೊಲಿದುಕೊಡುತ್ತಾಳೆ ಎಂದಳು, ಮತ್ತೊಬ್ಬಳು ನೇರವಾಗಿ "ನಮ್ಮ ಗಲೀಜು ಬಟ್ಟೆ ನಿಮ್ಮ ಚೊಕ್ಕಟ ಮನೇಲಿ ಯಾಕಮ್ಮ?" ಎಂದು ಎತ್ತಿಕೊಂಡು ಹೋದಳು. ಮಷೀನಿನ ಸದ್ದು ನಿಂತ ಮನೆ ಬಾವಿಯಂತಾಯಿತು.

ಇಷ್ಟಾದ ಮೇಲೆ, ಒಂದು ಬೆಳಿಗ್ಗೆ, ಟೀ ಮಾಡಲೆಂದು ಹೆಂಡತಿ ಡಬ್ಬಿಯ ಮುಚ್ಚಳ ತೆಗೆದರೆ ಸಕ್ಕರೆ ನಡೆದಾಡುತ್ತಿತ್ತು.

ಅವಳು ಕಿರುಚಲಿಲ್ಲ. ಡಬ್ಬಿಯನ್ನು ತಂದು, ಪತ್ರಿಕೆ ಓದುತ್ತಿದ್ದ ಗಂಡನ ಮುಂದಿಟ್ಟು, "ದುರ್ಬೀನು ತರ್ಲಾ?" ಎಂದು ಕೇಳಿದಳು.

ಅವನು ಡಬ್ಬಿಯೊಳಗೆ ಇಣುಕಿದ. ಅಡುಗೆಮನೆಗೆ ಹೋಗಿ ನೋಡಿದ. ಕಿಟಕಿಯ ಸಂದಿಯಿಂದ ಹೊರಟ ಕಪ್ಪು ಸಾಲು ಗೋಡೆ ಇಳಿದು, ಕಪಾಟಿನ ಕಾಲು ಹತ್ತಿ, ಮದುವೆ ಮೆರವಣಿಗೆಯ ಗತ್ತಿನಲ್ಲಿ ಡಬ್ಬಿಗಳ ಕಡೆ ಸಾಗುತ್ತಿತ್ತು.

"ಅಯ್ಯೋ, ಇರುವೆ!" ಎಂದ.

ಹೆಂಡತಿ ಅವನ ಬಾಯಿ ಮುಚ್ಚಿದಳು. "ಮೆಲ್ಲಗೆ! ಆ ಪದ ಈ ಮನೇಲಿ ಇನ್ನು ಎತ್ತಕೂಡದು. ಪಕ್ಕದಲ್ಲಿ ಯಾರಿದ್ದಾರೆ ಅಂತ ಗೊತ್ತಿದೆ ತಾನೆ?"

ಪಕ್ಕದಲ್ಲಿದ್ದವರು ಸ್ಟೇಷನ್ ಮಾಸ್ತರರು. ಎರಡು ಮನೆಗಳ ನಡುವೆ ಆಳೆತ್ತರದ ಗೋಡೆ, ಅದರ ಆಚೆ ಅವರ ಹೂಗಿಡಗಳು, ಈಚೆ ಇವರ ಅಡುಗೆಮನೆಯ ಕಿಟಕಿ. ಮಾಸ್ತರರು ಹಗಲೆಲ್ಲ ಗಿಡಕ್ಕೆ ನೀರು ಹಾಕುತ್ತಿದ್ದರು. ಜೀವಮಾನವಿಡೀ ರೈಲಿನ ಗದ್ದಲದಲ್ಲಿ ಮಾತು ಕೇಳಿ ಅಭ್ಯಾಸವಾಗಿದ್ದರಿಂದ ಅವರಿಗೆ ಅರ್ಧ ಕೇಳಿಸಿದರೆ ಸಾಕು, ಉಳಿದರ್ಧವನ್ನು ತಾವೇ ತುಂಬಿಕೊಳ್ಳುತ್ತಿದ್ದರು. ಹಾಗೆ ತುಂಬಿಕೊಂಡದ್ದನ್ನು ಸಂಜೆಯೊಳಗೆ ಬೀದಿಗೆಲ್ಲ ಹಂಚುತ್ತಿದ್ದರು.

"ಆ ಪದ ಎತ್ತದೆ ಮಾತಾಡೋದು ಹೇಗೆ?" ಗಂಡ ಪಿಸುಗುಟ್ಟಿದ.

ಹೆಂಡತಿ ಯೋಚಿಸಿದಳು. "ನೆಂಟರು ಅನ್ನೋಣ. ಹೇಳದೆ ಕೇಳದೆ ಬಂದಿದ್ದಾರೆ, ಸಿಹಿ ಎಲ್ಲಿಟ್ಟಿದ್ದೀವಿ ಅಂತ ನಮಗಿಂತ ಚೆನ್ನಾಗಿ ಗೊತ್ತು, ಹೋಗೋ ಮಾತೇ ಇಲ್ಲ. ಹೊಂದುತ್ತೆ."

ಹೀಗೆ ಆ ಮನೆಯಲ್ಲಿ ಇರುವೆಗಳು ನೆಂಟರಾದವು.

ಮೊದಲು ಕಪಾಟಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟರು. ನೆಂಟರು ಗೋಡೆಯ ಕಡೆಯಿಂದ ಬಂದರು. ಕಪಾಟನ್ನು ಗೋಡೆಯಿಂದ ಸರಿಸಿದರು. ನೆಂಟರು ಒರೆಸುವ ಬಟ್ಟೆಯನ್ನು ಸೇತುವೆ ಮಾಡಿಕೊಂಡು ದಾಟಿದರು. ಮೆಣಸಿನ ಪುಡಿ ಉದುರಿಸಿದರೆ ಮನೆಯವರಿಬ್ಬರೂ ಸೀನಿ ಸುಸ್ತಾದರು, ನೆಂಟರು ಪಕ್ಕಕ್ಕೆ ಸರಿದು ನಡೆದರು. ಇರುವೆ ಸೀಮೆಸುಣ್ಣದಿಂದ ಅವನು ಎಷ್ಟು ಗೆರೆ ಎಳೆದನೆಂದರೆ, ಅಡುಗೆಮನೆ ಮಕ್ಕಳು ಕುಂಟೆಬಿಲ್ಲೆ ಆಡುವ ಅಂಗಳದ ಹಾಗೆ ಕಂಡಿತು. ಯಾವ ಗೆರೆ ದಾಟಬಾರದು ಎಂಬುದು ಕೊನೆಗೆ ಅವನಿಗೇ ಮರೆತುಹೋಗಿ, ಎರಡು ಗೆರೆಗಳ ನಡುವೆ ಒಂಟಿಕಾಲಲ್ಲಿ ನಿಂತು ಹೆಂಡತಿಯನ್ನು ಕೂಗಿದ.

ಒಂದು ದಿನ ಕಿಟಕಿಯ ಹೊರಗೆ, ಗೋಡೆಯ ಬುಡದಲ್ಲಿದ್ದ ಗುಲಾಬಿ ಕುಂಡವನ್ನು ಎತ್ತಿದರೆ ಅಡಿಯಲ್ಲಿ ಗೂಡೇ ಇತ್ತು. ಅವನು ಒಳಗೋಡಿ ಕುದಿಯುವ ನೀರಿನ ಪಾತ್ರೆ ಹಿಡಿದು ಬಂದ. ಬಳಿಕ ಅಲ್ಲಿಂದಲೇ ಕಿಟಕಿಯ ಮೂಲಕ ಹೆಂಡತಿಗೆ ವರದಿ ಒಪ್ಪಿಸಿದ.

"ನೆಂಟರ ಮೇಲೆ ಬಿಸಿನೀರು ಹಾಕಿದೆ ಕಣೇ!"

"ಎಲ್ಲರೂ ಹೋದ್ರಾ?"

"ಸುಮಾರು ಜನ ಅಲ್ಲೇ ಮಲಗಿಬಿಟ್ಟರು. ಉಳಿದವರು ಮೊಟ್ಟೆ ಎತ್ತಿಕೊಂಡು ಓಡಿದರು."

ಗೋಡೆಯಾಚೆ ನೀರು ಬೀಳುವ ಸದ್ದು ನಿಂತಿತು. ಸ್ಟೇಷನ್ ಮಾಸ್ತರರು ಕೊಡವನ್ನು ಎದೆಗವಚಿಕೊಂಡು ನಿಂತಿದ್ದರು. ಬಂದ ನೆಂಟರಿಗೆ ಬಿಸಿನೀರು ಎರಚುವುದು ಒಂದು ವಿಷಯ. ನೆಂಟರು ಮೊಟ್ಟೆ ಕದ್ದುಕೊಂಡು ಓಡುವುದು ಇನ್ನೊಂದು. ಯಾವುದು ಹೆಚ್ಚು ಕೆಟ್ಟದ್ದೆಂದು ಅವರಿಗೆ ತೀರ್ಮಾನಿಸಲಾಗಲಿಲ್ಲ.

ಬಿಸಿನೀರಿಗೂ ನೆಂಟರು ಜಗ್ಗಲಿಲ್ಲ. ಕೊನೆಗೆ ಅವನು, ಪರಿಚಯದವರು ಯಾರೂ ಇಲ್ಲದ ಬಡಾವಣೆಗೆ ಬಸ್ಸು ಹತ್ತಿ ಹೋಗಿ ಒಂದು ಔಷಧಿ ಅಂಗಡಿ ಹೊಕ್ಕ. ದಿನವಿಡೀ ಒಂದೇ ಪದ ಬಳಸಿ ನಾಲಿಗೆ ಪಳಗಿಬಿಟ್ಟಿತ್ತು.

"ನೆಂಟರಿಗೆ ಹಾಕೋ ಪುಡಿ ಕೊಡಿ."

"ಯಾವ ಪುಡಿ ಸಾರ್? ಟೀ ಪುಡಿನಾ?"

"ಅಲ್ಲರೀ. ಒಂದು ಸಲ ತಿಂದ್ರೆ ಮತ್ತೆ ಬರಬಾರದು, ಅಂಥದ್ದು."

ಅಂಗಡಿಯವನು ಎರಡು ಹೆಜ್ಜೆ ಹಿಂದೆ ಸರಿದು ಶಟರಿನ ಕೋಲಿಗೆ ಕೈ ಹಾಕಿದ. ಆಮೇಲೆ ಕಿವಿಯಲ್ಲಿ ಪಿಸುಮಾತು, ನಗು, ಒಂದು ಬಿಳಿ ಪುಡಿಯ ಪೊಟ್ಟಣ, ಬಳಸುವ ಕ್ರಮ, ಎಲ್ಲ ಆಯಿತು. ಬಸ್ಸಿನಲ್ಲಿ ಅವನು ಆ ಕ್ರಮವನ್ನು ಬಾಯಿಪಾಠ ಮಾಡಿಕೊಂಡು ಬಂದು, ಕಿಟಕಿಯ ಬಳಿ ನಿಂತು ಹೆಂಡತಿಗೆ ಒಪ್ಪಿಸಿದ.

"ಸಕ್ಕರೇಲಿ ಬೆರೆಸಿ ಇಡೋದು ಅಷ್ಟೇ. ನೆಂಟರು ಖುಷಿಯಾಗಿ ತಿಂತಾರೆ. ಅಷ್ಟಕ್ಕೇ ಬಿಡಲ್ಲ, ಗಂಟು ಕಟ್ಟಿಕೊಂಡು ಹೋಗಿ ಮನೆಯವರಿಗೆಲ್ಲ ಹಂಚ್ತಾರೆ. ಆತುರ ಪಡಬಾರದಂತೆ. ಸ್ವಲ್ಪ ದಿನದಲ್ಲಿ ಇಡೀ ವಂಶ ಸ್ವಚ್ಛ."

"ಆಗಲಪ್ಪ," ಹೆಂಡತಿಯ ದನಿ ಕೇಳಿಸಿತು. "ಈ ನೆಂಟರ ಕಾಟ ಸಾಕಾಗಿಹೋಗಿದೆ. ಒಬ್ಬರೂ ಉಳೀಬಾರದು."

ಗೋಡೆಯಾಚೆ ಕೊಡ ಕೆಳಗೆ ಬಿತ್ತು.

ಮಾಸ್ತರರು ಕಾಲಿಗೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ನರ್ಸಮ್ಮನ ಮನೆಗೆ ಓಡಿದರು. ನರ್ಸಮ್ಮ ಎಲ್ಲ ಕೇಳಿ, ಕೈಯಲ್ಲಿದ್ದ ಸೊಪ್ಪು ಬಿಡಿಸುತ್ತಲೇ ಹೇಳಿದರು:

"ಆ ಮನುಷ್ಯ ಯಾರನ್ನಾದರೂ ಕೊಲ್ಲೋಷ್ಟು ಚುರುಕಿಲ್ಲ ಬಿಡಿ. ಬಸ್ಸು ಹತ್ತೋದೇ ಬರಲ್ಲ."

"ನಾನೇ ಕಿವಿಯಾರೆ ಕೇಳಿದೀನಮ್ಮ! ಬಿಸಿನೀರು ಹಾಕಿದಾರೆ. ಪುಡಿ ತಂದಿದಾರೆ. ಮನೆ ತುಂಬ ನೆಂಟರು, ಒಬ್ಬರೂ ಹೊರಗೆ ತಲೆ ಹಾಕಿದ್ದು ನೋಡಿದೀರಾ?"

ಇದು ನರ್ಸಮ್ಮನಿಗೂ ಹೌದೆನ್ನಿಸಿತು. ಪೊಲೀಸರನ್ನು ಕರೆದರೆ ಬೀದಿಯ ಮಾನ ಹೋಗುತ್ತದೆ. ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. ಕೊನೆಗೆ, ಸಣ್ಣ ಮನೆಯಲ್ಲಿ ವಿಪರೀತ ಜನ ಸೇರಿದ್ದಾರೆ, ಚರಂಡಿಗೆ ತೊಂದರೆ ಎಂದು ನಗರಸಭೆಯ ಹೆಲ್ತ್ ಇನ್‌ಸ್ಪೆಕ್ಟರರಿಗೆ ಒಂದು ಮಾತು ಹಾಕಿದರು.

ಇನ್‌ಸ್ಪೆಕ್ಟರರು ಬಂದಾಗ ಕನ್ನಡಕದಂಗಡಿಯವನು ಗೇಟಿನ ಬಳಿಯೇ ಸಿಕ್ಕ. ಅವರು ಮೊದಲ ಮಾತಿಗೇ ವಿಷಯಕ್ಕೆ ಬಂದರು.

"ನಿಮ್ಮ ಮನೇಲಿ ನೆಂಟರು ಇದ್ದಾರಂತೆ?"

ಗಂಡ ಹೆಂಡತಿಯ ಗುಟ್ಟಿನ ಪದ ನಗರಸಭೆಯವರೆಗೂ ತಲುಪಿದೆ! ಸರ್ಕಾರದವರ ಮುಂದೆ ಸುಳ್ಳು ಹೇಳುವ ಧೈರ್ಯ ಅವನಿಗಿರಲಿಲ್ಲ.

"ಇದ್ದಾರೆ ಸಾರ್," ಎಂದು ತಲೆ ತಗ್ಗಿಸಿದ. "ದಯವಿಟ್ಟು ಬೀದಿಯವರಿಗೆ ಗೊತ್ತಾಗೋದು ಬೇಡ."

"ಎಷ್ಟು ಜನ?"

"ಹೇಗೆ ಹೇಳಲಿ ಸಾರ್? ಸಾಲು ಮುಗಿಯೋದೇ ಇಲ್ಲ. ಸಾವಿರಾರು ಇರಬಹುದು."

ಇನ್‌ಸ್ಪೆಕ್ಟರರು ಅವನನ್ನೂ ಆ ಪುಟ್ಟ ಮನೆಯನ್ನೂ ಒಮ್ಮೆ ನೋಡಿದರು. "ಅಷ್ಟೂ ಜನ ಎಲ್ಲಿ ಮಲಗ್ತಾರೆ?"

"ಗೋಡೆ ಸಂದೀಲಿ."

"ಊಟ?"

"ನಮ್ಮದೇ. ಸಕ್ಕರೆ ಅಂದ್ರೆ ಪ್ರಾಣ ಬಿಡ್ತಾರೆ."

"ಮತ್ತೆ ಈ... ಶೌಚಕ್ಕೆ?"

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಅದನ್ನ ನಾನು ಗಮನಿಸಿಲ್ಲ ಸಾರ್."

ಇನ್‌ಸ್ಪೆಕ್ಟರರ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಅವನ ಭುಜ ತಟ್ಟಿ, "ಕೆಲಸ ಜಾಸ್ತಿನಾ ಇತ್ತೀಚೆಗೆ? ಸ್ವಲ್ಪ ರಜ ಹಾಕಿ. ಚೆನ್ನಾಗಿ ನಿದ್ದೆ ಮಾಡಿ," ಎಂದು ಹೇಳಿ ಒಳಗೂ ಬಾರದೆ ಹೊರಟರು. ಹೋಗುವಾಗ ಮಾಸ್ತರರ ಕಿವಿಯಲ್ಲಿ, "ಆ ಮನೇಲಿ ನೆಂಟರು ಯಾರೂ ಇಲ್ಲ. ಇರೋದೆಲ್ಲ ಅವರ ತಲೆಯೊಳಗೆ. ಪಾಪ, ಸ್ವಲ್ಪ ನೋಡಿಕೊಳ್ಳಿ," ಎಂದರು.

ಮಾಸ್ತರರು ಒಪ್ಪಲಿಲ್ಲ. ನೆಂಟರು ಇಲ್ಲವೆಂದರೆ ಪುಡಿ ಕೆಲಸ ಮಾಡಿದೆ ಎಂದೇ ಅರ್ಥ, ಎಂದರು.

ಮುಂದಿನ ರಜಾ ದಿನ ಮಧ್ಯಾಹ್ನ, ಬೀದಿಯ ತುದಿಯಿಂದ ಚೀಲ ಹಿಡಿದ ಹಿರಿಯರೊಬ್ಬರು ನಿಧಾನವಾಗಿ ನಡೆದು ಬಂದರು. ಬೆರಳುಗಳ ಮೇಲೆ ನೀಲಿ, ಕೆಂಪು ಬಣ್ಣದ ಕಲೆ. ಅವರು ಕನ್ನಡಕದಂಗಡಿಯವನ ಹೆಂಡತಿಯ ಅಣ್ಣ. ಅಪ್ಪ ಅಮ್ಮ ಬೇಗ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿ, ಓದಿಸಿ, ಮದುವೆ ಮಾಡಿ ಕಳಿಸಿದವರು. ಬೇರೆ ಊರಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುವ ಕೆಲಸ, ಹಾಗಾಗಿ ತಂಗಿಯ ಮನೆಯಲ್ಲಿ ಅವರ ಹೆಸರು ಬೋರ್ಡಿನ ಭಾವ. ಮುಂಚೆ ತಿಳಿಸದೆ ಬರುವವರಲ್ಲ. ಅವತ್ತು ಬಂದಿದ್ದರು. ಬಂದವರು ಒಂದು ಗೇಟಿನ ಮುಂದೆ ನಿಂತು, ಮನೆ ನಂಬರಿನ ಕಡೆ ಬಹಳ ಹೊತ್ತು ನೋಡಿ, ಅದನ್ನು ತಳ್ಳಿಕೊಂಡು ಒಳಗೆ ಹೋದರು. ಅದು ಸ್ಟೇಷನ್ ಮಾಸ್ತರರ ಮನೆ.

"ಕನ್ನಡಕದಂಗಡಿಯವರ ಮನೆ ಇದೇ ಅಲ್ವಾ?"

"ಪಕ್ಕದ್ದು," ಎಂದರು ಮಾಸ್ತರರು. "ತಾವು ಯಾರು?"

"ನಾನು ಅವರ ನೆಂಟ."

ಮಾಸ್ತರರು ಅವರ ತೋಳು ಹಿಡಿದು ಒಳಗೆಳೆದುಕೊಂಡರು. ಕುಳ್ಳಿರಿಸಿದರು. ನೀರು ಕೊಟ್ಟರು. ತಮ್ಮ ಮನೆಯ ನೀರು, ಧೈರ್ಯವಾಗಿ ಕುಡಿಯಿರಿ ಎಂದರು. ಆಮೇಲೆ ಬಿಸಿನೀರಿನ ಕಥೆ, ಪುಡಿಯ ಕಥೆ, ವಂಶ ಸ್ವಚ್ಛವಾಗುವ ಕಥೆ, ಎಲ್ಲವನ್ನೂ ಬಿಡದೆ ಹೇಳಿದರು.

"ಇದೆಲ್ಲ ನಮ್ಮ ತಂಗಿ ಗಂಡನ ಮಾತಿರಬಹುದು," ಎಂದರು ಹಿರಿಯರು. "ಅವರ ಮಾತನ್ನ ನಾವು ಯಾರೂ ಅಷ್ಟಾಗಿ ಹಚ್ಚಿಕೊಳ್ಳಲ್ಲ. ನನ್ನ ತಂಗಿ ಹಾಗಂದಿರಲ್ಲ."

"ತಂಗಿನೇ ಸ್ವಾಮಿ ಅಂದದ್ದು! 'ಈ ನೆಂಟರ ಕಾಟ ಸಾಕಾಗಿಹೋಗಿದೆ, ಒಬ್ಬರೂ ಉಳೀಬಾರದು.' ಇದೇ ಕಿವಿ, ಇದೇ ಗೋಡೆ."

ಬೋರ್ಡಿನ ಭಾವ ಚೀಲ ಎತ್ತಿಕೊಂಡರು. ಎದ್ದು ಹೊರಗೆ ಬಂದು, ಮಾಸ್ತರರ ಮನೆಯ ಮುಂದಿನ ಕಲ್ಲುಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬೀದಿಯ ಕಡೆ ಮುಖ ಮಾಡಿ ಕೂತರು. ಮುಂದಿನ ಬಸ್ಸು ಯಾವಾಗ ಎಂದಷ್ಟೇ ಕೇಳಿದರು.

ಬಟ್ಟೆ ಒಣಹಾಕಲು ಹೊರಬಂದ ತಂಗಿ ಕಂಡು ಓಡಿಬಂದಳು. "ಅಣ್ಣಾ! ಯಾವಾಗ ಬಂದೆ? ಇಲ್ಲಿ ಯಾಕೆ ಕೂತೆ? ನಡಿ ಒಳಗೆ."

"ಬೇಡಮ್ಮ. ನಿನಗೆ ನೆಂಟರ ಕಾಟ ಸಾಕಾಗಿದೆಯಂತೆ."

ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆ ಜಾರಿತು. ಹಿಂದೆಯೇ ಬಂದ ಗಂಡ ವಿಷಯ ಅರ್ಥಮಾಡಿಕೊಂಡು, ಪರಿಸ್ಥಿತಿಯನ್ನು ತಿಳಿಗೊಳಿಸಲು ಮುಂದಾದ.

"ಭಾವ, ತಪ್ಪು ತಿಳೀಬೇಡಿ. ಆ ನೆಂಟರು ಬೇರೆ, ನೀವು ಬೇರೆ. ಅವರಿಗೆ ಆರು ಕಾಲು!"

ಬೋರ್ಡಿನ ಭಾವ ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಅಷ್ಟರಲ್ಲಿ ನರ್ಸಮ್ಮನೂ ನಾಲ್ಕಾರು ಹೆಂಗಸರೂ ಬಂದು ಸೇರಿದ್ದರು. ಬೇರೆ ದಾರಿ ಇರಲಿಲ್ಲ. ಕನ್ನಡಕದಂಗಡಿಯವನು ಬೀದಿಯ ನಡುವೆ ನಿಂತು, ಎರಡೂ ಕೈ ಮೇಲೆತ್ತಿ, ಎಲ್ಲರಿಗೂ ಕೇಳುವಂತೆ ಘೋಷಿಸಿದ:

"ನೆಂಟರು ಅಂದ್ರೆ ಇರುವೆ! ನಮ್ಮ ಮನೇಲಿ ಇರುವೆ ಇದೆ! ಮನೆ ತುಂಬ ಇದೆ!"

ಬಹಳ ದಿನದಿಂದ ಹೊತ್ತ ಭಾರ ಇಳಿದಂತಾಯಿತು. ಎಲ್ಲರೂ ನಗುತ್ತಾರೆ, ಅಲ್ಲಿಗೆ ಮುಗಿಯಿತು ಎಂದುಕೊಂಡ. ಯಾರೂ ನಗಲಿಲ್ಲ.

"ನಿಮ್ಮ ಮನೇಲಾ? ಇರುವೆನಾ?" ನರ್ಸಮ್ಮ ಕಣ್ಣು ಕಿರಿದಾಗಿಸಿದರು. "ಇರುವೆ ಅಡುಗೆಮನೆ ನೋಡಿ ಬರುತ್ತೆ ಅಂದವರು ನೀವೇ ಅಲ್ವಾ? ಹಿರಿಯರನ್ನ ಬಾಗಿಲಲ್ಲಿ ಕೂರಿಸಿದ್ದನ್ನ ಮುಚ್ಚಿಹಾಕೋಕೆ ಈಗ ಇರುವೆ ಹುಟ್ಟಿಕೊಂಡ್ವಾ?"

"ಬಂದು ನೋಡಿ! ಎಲ್ಲರೂ ಬನ್ನಿ! ಭಾವ, ನೀವೂ ಬನ್ನಿ. ಒಂದು ಇರುವೆ ತೋರಿಸಿದರೆ ನಂಬ್ತೀರಾ?"

"ತೋರಿಸಿ," ಎಂದರು ಬೋರ್ಡಿನ ಭಾವ.

ಎಲ್ಲರೂ ಸಾಲಾಗಿ ಅಡುಗೆಮನೆ ಹೊಕ್ಕರು. ಅವನು ವಿಜಯದ ನಗೆ ಬೀರಿ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದ. ಸಕ್ಕರೆ ಬೆಳ್ಳಗೆ, ಅಲ್ಲಾಡದೆ ಹೊಳೆಯಿತು. ಕಿಟಕಿಯ ಸಂದಿ ನೋಡಿದ. ಕಪಾಟು ಸರಿಸಿದ. ಪಾತ್ರೆಗಳನ್ನು ಬೋರಲು ಹಾಕಿದ. ಎಲ್ಲೂ ಒಂದೇ ಒಂದು ಇರುವೆ ಇಲ್ಲ. ಆ ಬಿಳಿ ಪುಡಿ, ಔಷಧಿ ಅಂಗಡಿಯವನು ಹೇಳಿದ ಹಾಗೆಯೇ, ಆತುರಪಡದೆ, ತನ್ನ ಕೆಲಸವನ್ನು ಪೂರೈಸಿತ್ತು.

"ಮೊನ್ನೆವರೆಗೂ ಇತ್ತು," ಎಂದ ಅವನು. ತನಗೇ ಆ ಮಾತಿನ ಮೇಲೆ ನಂಬಿಕೆ ಹುಟ್ಟಲಿಲ್ಲ.

ಹೆಂಡತಿ ಒಂದು ಹಿಡಿ ಸಕ್ಕರೆ ತೆಗೆದು ನೆಲದ ಮೇಲೆ ಚೆಲ್ಲಿದಳು. ಅಣ್ಣನ ಕಡೆ ನೋಡದೆ, "ಕೂತ್ಕೋ. ಬಂದೇ ಬರುತ್ತೆ," ಎಂದಳು.

ಭಾವನಿಗೆ ಕುರ್ಚಿ ಹಾಕಿದರು. ಉಳಿದವರು ನೆಲದ ಮೇಲೆ, ಹೊಸಿಲ ಮೇಲೆ, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತರು. ಕನ್ನಡಕದಂಗಡಿಯವನು ಮಂಡಿಯೂರಿ, ಗೋಡೆಯ ಬಿರುಕಿಗೆ ಬಾಯಿಟ್ಟು, "ಬನ್ನಿ, ಒಬ್ಬರಾದ್ರೂ ಬನ್ನಿ. ತಪ್ಪಾಯ್ತು," ಎಂದು ಬೇಡಿಕೊಂಡ. ಇಷ್ಟು ಮರ್ಯಾದೆಯಿಂದ ಆ ಮನೆಯಲ್ಲಿ ಯಾರನ್ನೂ ಕರೆದಿರಲಿಲ್ಲ.

ಹೊತ್ತು ಹೋಯಿತು. ಸುಮ್ಮನೆ ಕೂತರೆ ಜನಕ್ಕೆ ಮಾತು ಬರುತ್ತದೆ.

"ಬೇಕಾದರೆ ನಮ್ಮನೆಯಿಂದ ಒಂದಿಷ್ಟು ತರ್ಲಾ?" ಎಂದರು ನರ್ಸಮ್ಮ. "ಅಕ್ಕಿ ಡಬ್ಬದ ಹಿಂದೆ ಧಾರಾಳ ಇವೆ."

"ತಂದದ್ದು ಲೆಕ್ಕಕ್ಕಿಲ್ಲ," ಎಂದರು ಭಾವ. "ಈ ಮನೆಯದೇ ಆಗಬೇಕು."

"ನಮ್ಮನೇಲಿ ಫ್ರಿಜ್ಜೊಳಗೇ ಇದ್ವು, ಸ್ವೆಟರ್ ಹಾಕಿಕೊಂಡು ಬಂದಿದ್ವೋ ಏನೋ," ಎಂದಳು ಒಬ್ಬಳು. ಇನ್ನೊಬ್ಬಳು ನಕ್ಕಳು. ಹೆಂಡತಿ ಎಲ್ಲರಿಗೂ ಟೀ ಕೊಟ್ಟಳು. ನರ್ಸಮ್ಮ ಲೋಟ ತೆಗೆದುಕೊಳ್ಳುವಾಗ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತ ಮಷೀನನ್ನು ನೋಡಿ, "ನಾಳೆ ನಮ್ಮ ಪರದೆ ಕಳಿಸ್ತೀನಿ. ಬೇರೆ ಕಡೆ ಹೊಲಿಸಿದ್ದು ಕಿಟಕಿಗೂ ಸಾಲದು, ಬಾಗಿಲಿಗೂ ಹೆಚ್ಚು ಅನ್ನೋ ಹಾಗಿದೆ," ಎಂದು ಗೊಣಗಿದರು.

ಆಗ ಸ್ಟೇಷನ್ ಮಾಸ್ತರರು ಎದ್ದು ನಿಂತು, ಪ್ಲಾಟ್‌ಫಾರಂನಲ್ಲಿ ನಿಂತವರ ಹಾಗೆ ಕೈ ಚಾಚಿದರು. "ಬಂತು! ಬಂತು!"

ಕಿಟಕಿಯ ಸಂದಿಯಿಂದ ಒಂದು ಇರುವೆ ಹೊರಬಂದಿತ್ತು. ಒಂಟಿಯಾಗಿ, ನಿತ್ರಾಣವಾಗಿ, ನಿಂತು ನಿಂತು ನಡೆಯುತ್ತ ಅದು ಗೋಡೆ ಇಳಿದು ಸಕ್ಕರೆಯ ಕಡೆ ಹೊರಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕನ್ನಡಕದಂಗಡಿಯವನ ಕಣ್ಣಲ್ಲಿ ನೀರೇ ಬಂತು.

"ನೋಡಿ ಭಾವ! ನೋಡಿದ್ರಾ?"

"ಎಲ್ಲಿ?" ಭಾವ ಕುರ್ಚಿಯಿಂದ ಮುಂದೆ ಬಾಗಿದರು.

"ಅಲ್ಲೇ, ಸಕ್ಕರೆ ಹತ್ರ!"

"ಎಲ್ಲಪ್ಪ?"

ಎಲ್ಲರ ಬೆರಳೂ ಒಂದೇ ಕಡೆ ಚಾಚಿದವು. ಭಾವ ನೆಲವನ್ನು ಅತ್ತಿಂದಿತ್ತ ತಡಕಾಡುವ ಹಾಗೆ ನೋಡಿದರು. ಆಮೇಲೆ ಅವರ ಮುಖ ಅರಳಿತು.

"ಹಾಂ, ಕಂಡೆ, ಕಂಡೆ! ಒಳ್ಳೆ ದಪ್ಪಗಿದೆ. ಅಲ್ಲಾಡ್ತಾನೇ ಇಲ್ಲವಲ್ಲ, ಸತ್ತುಹೋಯಿತೇನೋ ಪಾಪ."

ಅವರು ಬೆರಳು ಮಾಡಿದ್ದು ಇರುವೆಗಲ್ಲ. ಅದಕ್ಕೆ ಮೊಳ ದೂರದಲ್ಲಿ, ಹೊಲಿಗೆ ಪೆಟ್ಟಿಗೆಯಿಂದ ಉರುಳಿ ಬಿದ್ದಿದ್ದ ಒಂದು ಕರಿ ಗುಂಡಿಗೆ.

"ಅದು ಅಂಗಿ ಗುಂ..." ಎಂದು ಮಾಸ್ತರರು ಬಾಯಿ ತೆರೆದರು. ನರ್ಸಮ್ಮ ಅವರ ಕಾಲನ್ನು ಬಲವಾಗಿ ತುಳಿದರು. ತಂಗಿ ಅಣ್ಣನ ಮುಖವನ್ನೇ ನೋಡುತ್ತ ನಿಂತಳು.

ಕನ್ನಡಕದಂಗಡಿಯವನು ಮಂಡಿಯಲ್ಲೇ ಮುಂದೆ ಸರಿದು, ಗುಂಡಿಯನ್ನು ಮೆಲ್ಲಗೆ ಎತ್ತಿಕೊಂಡ. "ಹೌದು ಭಾವ, ಸತ್ತಿದೆ," ಎಂದು ಅದನ್ನು ಜೇಬಿಗೆ ಹಾಕಿಕೊಂಡ. "ಅಂತೂ ನಮ್ಮನೇಲಿ ಇರುವೆ ಇದೆ ಅಂತಾಯ್ತಲ್ಲ."

"ಆಯ್ತು," ಎಂದರು ಭಾವ ಹೆಮ್ಮೆಯಿಂದ. "ಕಣ್ಣಾರೆ ಕಂಡ ಮೇಲೆ ಇನ್ನೇನು?" ಚೀಲವನ್ನು ತಂಗಿಯ ಕೈಗೆ ಕೊಟ್ಟರು.

ಊಟ ಮುಗಿದ ಮೇಲೆ ಅವನು, "ಭಾವ, ನಮ್ಮ ಅಂಗಡಿ ಬೋರ್ಡಿನ ಬಣ್ಣ ಮಾಸಿದೆ. ಒಂದು ಸಲ ಬಂದು ನೋಡಿ," ಎಂದ. ರಜಾ ದಿನವಾದ್ದರಿಂದ ಅಂಗಡಿಗೆ ಬೀಗ ಹಾಕಿತ್ತು. ಕೀಲಿ ಅವನ ಹತ್ತಿರವೇ ಇರುತ್ತಿತ್ತು. ಹೋಗುವಾಗ ಪ್ರತಿ ಮೆಟ್ಟಿಲಿಗೂ "ಇಲ್ಲೊಂದು" ಎನ್ನುತ್ತ ಮುಂದೆ ನಡೆದ. ಒಳಗೆ ಕರೆದೊಯ್ದು, ಎದುರಿಗೆ ದೊಡ್ಡ ಅಕ್ಷರ ಸಣ್ಣ ಅಕ್ಷರಗಳ ಹಲಗೆ ತೂಗುಹಾಕಿದ್ದ ಕುರ್ಚಿಯಲ್ಲಿ ಕೂರಿಸಿದ.

"ಬೋರ್ಡು ಹೊರಗಡೆ ಅಲ್ವಾ ಇರೋದು?" ಎಂದರು ಭಾವ.

ಅವನು ಜೇಬಿನಿಂದ ಗುಂಡಿ ತೆಗೆದು ಅವರ ಅಂಗೈಯಲ್ಲಿಟ್ಟ. ಬಣ್ಣದ ಕಲೆಯ ಬೆರಳುಗಳು ಅದನ್ನು ಸವರಿದವು, ತೂತುಗಳನ್ನು ಮುಟ್ಟಿ ನೋಡಿದವು. ಭಾವ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು.

"ಎಲ್ಲರಿಗೂ ಗೊತ್ತಾಯ್ತಾ?"

"ಗೊತ್ತಾಯ್ತು. ಯಾರೂ ಏನೂ ಅನ್ನಲಿಲ್ಲ."

ಭಾವ ನಿಟ್ಟುಸಿರುಬಿಟ್ಟರು. "ಹಲ್ಲಿನ ಡಾಕ್ಟರದ್ದು ಒಂದು ಬೋರ್ಡು ಬಂದಿತ್ತು. 'ಇಲ್ಲಿ ನೋವಿಲ್ಲದೆ ಹಲ್ಲು ಕೀಳಲಾಗುತ್ತದೆ.' ಬರೆದು ಮುಗಿಸಿ ತೂಗುಹಾಕಿದೆ. ಹಲ್ಲಿಗೆ ಅದು ಎಲ್ಲಿಂದ ಕೊಂಬು ಬಂತೋ ಗೊತ್ತಿಲ್ಲ. 'ಇಲ್ಲಿ ನೋವಿಲ್ಲದೆ ಹುಲ್ಲು ಕೀಳಲಾಗುತ್ತದೆ.' ಪೇಟೆಯೆಲ್ಲ ನಕ್ಕುಬಿಡ್ತು. ತೋಟ ಇಟ್ಟುಕೊಂಡವರು ಬಂದು, ನಮ್ಮನೆಗೆ ಯಾವಾಗ ಬರ್ತೀರಿ ಅಂತ ಡಾಕ್ಟರನ್ನ ಕೇಳಿದರಂತೆ."

ಕನ್ನಡಕದಂಗಡಿಯವನಿಗೆ ನಗು ಬಂತು. ಕೆಮ್ಮಿದ ಹಾಗೆ ಮಾಡಿದ. ಭಾವ ತಾವೇ ನಕ್ಕುಬಿಟ್ಟರು. ನಕ್ಕು ಕಣ್ಣೊರೆಸಿಕೊಂಡರು.

"ನಿಮ್ಮ ಹತ್ರ ಹೇಳಿಕೊಳ್ಳೋಣ ಅಂತಲೇ ಹೊರಟು ಬಂದೆ. ಬೋರ್ಡು ಬರೆಯೋನಿಗೆ ಕಣ್ಣು ಮಂಜು ಅಂದ್ರೆ ನಾಳೆ ಕುಂಚ ಯಾರು ಕೊಡ್ತಾರೆ? ಹೇಗೆ ಬಾಯಿಬಿಡೋದು ಅಂತ ದಾರಿಯೆಲ್ಲ ಯೋಚನೆ. ಅಷ್ಟರಲ್ಲಿ ನಿಮ್ಮ ಪಕ್ಕದವರು, ನೆಂಟರು ಬೇಡ್ವಂತೆ ಅಂದರು. ಇದೇ ನೆಪ ಅಂತ ವಾಪಸು ಹೊರಟಿದ್ದೆ."

"ತಲೆ ನೇರ ಇಟ್ಟುಕೊಳ್ಳಿ," ಎಂದ ಅವನು. "ಬಲಗಣ್ಣು ಮುಚ್ಚಿ. ಮೇಲಿನ ಸಾಲು ಓದಿ."

ಅಲ್ಲಿಂದ ಮುಂದೆ ಅವನು ಬೇರೆಯೇ ಮನುಷ್ಯ. ಗಾಜಿನ ಮೇಲೆ ಗಾಜು ಬದಲಿಸಿದ, "ಇದಾ, ಇದಾ?" ಎಂದು ಬೇಸರವಿಲ್ಲದೆ ಕೇಳಿದ, ಕಣ್ಣಿನೊಳಗೆ ದೀಪ ಹಿಡಿದು ನೋಡಿದ. ಪೊರೆ ಬಂದಿರಲಿಲ್ಲ, ಬೇರೆ ರೋಗವಿರಲಿಲ್ಲ. ವರ್ಷಗಟ್ಟಲೆ ಹಟ ಹಿಡಿದು ಕನ್ನಡಕವಿಲ್ಲದೆ ನಡೆಸಿದ್ದಷ್ಟೇ. ಆಮೇಲೆ ಮಷೀನಿನ ಮುಂದೆ ಕೂತು ತಲೆ ಎತ್ತದೆ ಗಾಜು ಉಜ್ಜಿದ. ಭಾವನ ಒಂದು ಕಿವಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು, ಅದಕ್ಕೂ ಸರಿಯಾಗಿ ಕಡ್ಡಿ ಬಗ್ಗಿಸಿದ.

ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಮನೆಗೆ ಬಂದರು. ತಂಗಿ ಬಾಗಿಲಲ್ಲೇ ನಿಂತಿದ್ದಳು. ಭಾವ ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಅವಳನ್ನು ನೋಡಿದರು. ಹತ್ತಿರ ಬಂದು ಇನ್ನೊಮ್ಮೆ ನೋಡಿದರು. ಅವಳ ಕಿವಿಯ ಪಕ್ಕದ ಕೂದಲನ್ನು ಬೆರಳಲ್ಲಿ ಹಿಡಿದರು.

"ಏನೇ ಇದು, ನಿನಗೂ ನರೆ ಬಂದಿದೆ? ಯಾವಾಗ ಬಂತೇ?"

"ಬಂದು ಎಷ್ಟೋ ಕಾಲ ಆಯ್ತು," ಎಂದಳು ತಂಗಿ, ಅಳುತ್ತ ನಗುತ್ತ. "ನಿನಗೆ ಕಣ್ಣು ಕೊಟ್ಟದ್ದೇ ತಪ್ಪಾಯ್ತು ನೋಡು, ಮೊದಲು ಕಂಡದ್ದು ಅದೇನಾ?"

ಭಾವ ಒಳಗೆ ಬಂದು, ಸುತ್ತ ತಿರುಗಿ, ಗೋಡೆ ನೋಡಿದರು, ಕಿಟಕಿ ನೋಡಿದರು, ಎದುರು ಮನೆಯ ನಂಬರನ್ನು ಗಟ್ಟಿಯಾಗಿ ಓದಿದರು. ಕೊನೆಗೆ ಕನ್ನಡಕದಂಗಡಿಯವನ ಎದುರು ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿ, ತಂಗಿಯ ಕಡೆ ತಿರುಗಿದರು.

"ಎಲ್ಲಾ ಚೆನ್ನಾಗಿ ಕಾಣ್ತಾ ಇದೆ ಕಣೇ. ನಿನ್ನ ಗಂಡ ಒಬ್ಬರು ಮಾತ್ರ ಇನ್ನೂ ಮಬ್ಬು."

ಕನ್ನಡಕದಂಗಡಿಯವನು ಗಾಬರಿಯಾಗಿ, "ಕೊಡಿ ಇಲ್ಲಿ!" ಎಂದು ಅವರ ಮೂಗಿನಿಂದ ಕನ್ನಡಕ ಕಿತ್ತುಕೊಂಡು, ದೀಪದ ಕೆಳಗೆ ನಿಂತು, ಅಂಗಿಯ ಚುಂಗಿನಿಂದ ಗಾಜು ಒರೆಸತೊಡಗಿದ.